ಅಪ್ಪನ ಕಿವಿಯಾಗಿ ಎಂಜಿನ್ ಕೋಣೆಗೆ ಇಳಿದದ್ದು

ಇದರಲ್ಲಿ ಕೆಲವು ವಿವರಗಳು ತಪ್ಪಾಗಿರಬಹುದು. ಮಾವನ ಬೋಟಿನ ಎಂಜಿನ್ನಿಗೆ ಆ ವರ್ಷ ಬಳಿದದ್ದು ಹಸಿರು ಬಣ್ಣವೆಂದು ನನ್ನ ನೆನಪು. ಆಯಿ, ಅಂದರೆ ಅಮ್ಮ, ನೀಲಿ ಎನ್ನುತ್ತಾಳೆ. ನಾನೂ ಅಪ್ಪನೂ ಬೋಟಿಗೆ ಹೋದದ್ದು ಶನಿವಾರ ಎಂದುಕೊಂಡಿದ್ದೇನೆ. ಶನಿವಾರವಾಗಿದ್ದರೆ ನಾನು ಕಾಲೇಜಿಗೆ ಅರ್ಧ ದಿನದ ರಜೆ ಹಾಕಿರಬೇಕು, ಆದರೆ ರಜೆಯ ಪುಸ್ತಕದಲ್ಲಿ ಹಾಗೇನೂ ಕಾಣುವುದಿಲ್ಲ. ಹೋಗಿ ನೋಡಿ ಬಂದಿದ್ದೇನೆ. ನನ್ನ ದಿನಚರಿಯಲ್ಲಿ ಅದರ ಬಗ್ಗೆ ಮೂರೇ ಮಾತುಗಳಿವೆ: "ಅಪ್ಪನೊಂದಿಗೆ ಮಾವನ ಬೋಟಿಗೆ. ರಾಡು ಸಲೀಸಾಗಿತ್ತು. ಎಂಜಿನ್ ಸರಿಯಾಯಿತು." ಅಕ್ಷರ ನನ್ನದೇ. ಆದರೆ ಅಕ್ಷರಗಳು ಅಲುಗಾಡಿವೆ, ಅಂದರೆ ಅಂದು ಸಂಜೆಯೋ ಮರುದಿನವೋ ಬಸ್ಸಿನಲ್ಲಿ ಕೂತು ಬರೆದದ್ದು. ಅಷ್ಟರೊಳಗೆ ನಾನು ಕಂಡದ್ದನ್ನು ಬರೆದೆನೋ, ಅಪ್ಪನಿಗೆ ಹೇಳಿದ್ದನ್ನೇ ಕಂಡದ್ದೆಂದು ಬರೆದೆನೋ, ಈಗ ಹೇಳಲಾರೆ.

ಅಪ್ಪ ಬೋಟಿನ ಎಂಜಿನ್ ಮೆಕ್ಯಾನಿಕ್. ಹೊನ್ನಾವರದ ಬಂದರಿನ ಹತ್ತಿರ ತಗಡಿನ ಮಾಡಿನ ಒಂದು ಶೆಡ್ಡು ಅವನದು. ದಕ್ಷಿಣಕ್ಕೆ ಭಟ್ಕಳದ ಬಂದರಿನಿಂದ ಉತ್ತರಕ್ಕೆ ಕುಮಟಾದಾಚೆಯ ತದಡಿಯವರೆಗೆ, ಹಳೆಯ ಎಂಜಿನ್ ಇದ್ದವರೆಲ್ಲ ಅವನನ್ನೇ ಕರೆಯುತ್ತಿದ್ದರು. ಹೊಸ ಎಂಜಿನ್ನುಗಳಿಗೆ ಕಂಪನಿಯವರು ಲ್ಯಾಪ್‌ಟಾಪ್ ಹಿಡಿದು ಬರುತ್ತಾರೆ. ಹಳೆಯವಕ್ಕೆ ಕಿವಿ ಮತ್ತು ಬೆರಳು ಬೇಕು. ನಾನು ಚಿಕ್ಕವಳಿದ್ದಾಗ ಭಟ್ಕಳದಲ್ಲಿ ಬೋಟು ಕಟ್ಟುವ ಧಕ್ಕೆಯ ಮೇಲೆ ನಿಂತು, ಆಚೆ ದಡದ ಹತ್ತಿರ ಸಾಗುತ್ತಿದ್ದ ಬೋಟಿನವನಿಗೆ "ನಿನ್ನ ಮೂರನೇ ನೋಝಲ್ ಉಗುಳ್ತದೆ ಮಾರಾಯ" ಎಂದು ಅಪ್ಪ ಕೂಗಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಆಯಿಯ ಪ್ರಕಾರ ಆ ದಿನ ಅಪ್ಪನ ಜೊತೆ ನಾನು ಹೋಗಿರಲೇ ಇಲ್ಲ. ಅಪ್ಪ ಹೇಳಿದ ಕತೆಯೊಳಗೆ ನಾನೇ ಹೋಗಿ ನಿಂತುಕೊಂಡಿರಬೇಕು.

ಹಳೆಯ ಎಂಜಿನ್ನುಗಳಲ್ಲಿ ಅಪ್ಪನಿಗೆ ಹೆಚ್ಚಾಗಿ ಬರುತ್ತಿದ್ದ ದೂರು ವೇಗದ್ದು. ಸ್ಲೋದಲ್ಲಿ ಇಟ್ಟರೆ ಎಂಜಿನ್ ಒಂದೇ ಸಮ ಓಡುವುದಿಲ್ಲ. ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ. ಅದಕ್ಕೆ ನಮ್ಮಲ್ಲಿ ಜೋಕಾಲಿ ಆಡುವುದು ಎನ್ನುತ್ತಿದ್ದರು. ವೇಗ ಕಾಯುವ ಕೆಲಸ ಗವರ್ನರಿನದು, ಡೀಸೆಲ್ ಪಂಪಿನ ಹಿಂದೆ ಅಂಟಿಕೊಂಡಿರುವ ಒಂದು ಡಬ್ಬಿ. ಒಳಗೆ ತಿರುಗುವ ಎರಡು ಗುಂಡುಗಳಿವೆ, ಸ್ಪ್ರಿಂಗು ಇದೆ. ವೇಗ ಹೆಚ್ಚಿದರೆ ಗುಂಡುಗಳು ಅಗಲವಾಗಿ ಡೀಸೆಲ್ ಕಡಿಮೆ ಮಾಡುತ್ತವೆ, ವೇಗ ಬಿದ್ದರೆ ಒಳಗೆ ಸರಿದು ಹೆಚ್ಚು ಬಿಡುತ್ತವೆ. ಅವುಗಳ ಅಪ್ಪಣೆಯನ್ನು ಪಂಪಿಗೆ ತಲುಪಿಸುವುದು ಬೆರಳುದ್ದದ ಒಂದು ರಾಡು, ಅದರ ತುದಿಗೊಂದು ಪಿನ್ನು. ಜೋಕಾಲಿ ಎಂದ ಕೂಡಲೇ ಬೇರೆ ಮೆಕ್ಯಾನಿಕರು ಗವರ್ನರ್ ಬಿಚ್ಚುತ್ತಾರೆ ಎಂದು ಅಪ್ಪನಿಗೆ ಸಿಟ್ಟು. "ಮೊದ್ಲು ಡೀಸೆಲ್ಲು. ಆಮೇಲೆ ಗಾಳಿ. ಆಮೇಲೆ ರಾಡು. ಗವರ್ನರಿನ ಮೈ ಮುಟ್ಟೂದು ಕಡೀಗೆ" ಎನ್ನುತ್ತಿದ್ದ. ಊಟಕ್ಕೆ ಕೂತಾಗಲೂ ಹೇಳುತ್ತಿದ್ದ, ಹೀಗಾಗಿ ನನಗೆ ಬಾಯಿಪಾಠವಾಗಿತ್ತು.

ಅವನ ಕಿವಿ ಒಮ್ಮೆಲೇ ಹೋದದ್ದಲ್ಲ. ಮೊದಲು ಕುಕ್ಕರಿನ ಸೀಟಿ ಕೇಳದಾಯಿತು, ಆಮೇಲೆ ಫೋನು, ಆಮೇಲೆ ಆಯಿಯ ಮಾತು. ಎಂಜಿನ್ನು ಮಾತ್ರ ಕೇಳುತ್ತದೆ ಎಂದು ಬಹಳ ದಿನ ಸಾಧಿಸಿದ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ದವಡೆಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಕುಮಟಾದಲ್ಲಿ ನಾನು ಕಾಲೇಜಿನ ಗ್ರಂಥಪಾಲಕಿಯಾಗಿ ಸೇರಿದ ಮೇಲೆ ಅಲ್ಲಿಯೇ ಡಾಕ್ಟರಿಗೆ ತೋರಿಸಿ ಕಿವಿಗೆ ಮಶಿನು ಹಾಕಿಸಿದೆ. ಶೆಡ್ಡಿನ ಗದ್ದಲದಲ್ಲಿ ಅದು ಕಿರುಚುತ್ತದೆ ಎಂದು ಅವನು ಅದನ್ನು ಚಹಾಪುಡಿಯ ಡಬ್ಬಿಯಲ್ಲಿ ಹಾಕಿಟ್ಟ.

ಅಂಗೈಯ ಆಟ ಶುರುವಾದದ್ದು ಹೀಗೆ. ಒಂದು ಭಾನುವಾರ ಶೆಡ್ಡಿನಲ್ಲಿ ಎಂಜಿನ್ ಓಡುತ್ತಿತ್ತು. ನಾನು ಊಟದ ಬುತ್ತಿ ತಂದವಳು, ಅದರ ಸದ್ದು ಏರಿದಾಗ ಕೈಯನ್ನು ಮೇಲೆತ್ತಿದೆ, ಇಳಿದಾಗ ಕೆಳಗಿಳಿಸಿದೆ. ತಮಾಷೆಗೆ ಮಾಡಿದ್ದು. ಅಪ್ಪ ಎಂಜಿನ್ನನ್ನು ಬಿಟ್ಟು ನನ್ನ ಕೈಯನ್ನೇ ನೋಡತೊಡಗಿದ. ಒಂದು ಸ್ಕ್ರೂ ತಿರುಗಿಸಿದ, ನನ್ನ ಕೈ ನೋಡಿದ, ಮತ್ತೆ ತಿರುಗಿಸಿದ. ಕೈ ಒಂದೇ ಮಟ್ಟದಲ್ಲಿ ನಿಂತಾಗ "ಆತು" ಎಂದ. ಅಂದಿನಿಂದ ಭಾನುವಾರಗಳು ನಮ್ಮವಾದವು. ನನಗೆ ಎಂಜಿನ್ ಬಗ್ಗೆ ಆಸಕ್ತಿ ಇತ್ತೆಂದು ಬರೆದರೆ ಸುಳ್ಳಾಗುತ್ತದೆ. ಧಾರವಾಡದಲ್ಲಿ ಓದಿ ಬಂದ ಮೇಲೆ ಅಪ್ಪನ ಜೊತೆ ಮಾತಾಡಲು ನನಗೆ ಹೆಚ್ಚೇನೂ ಉಳಿದಿರಲಿಲ್ಲ. ಕೈ ಎತ್ತಿ ಇಳಿಸಿದರೆ ಸಾಕಾಗುತ್ತಿತ್ತು.

ಮಾವ ಎಂದರೆ ಆಯಿಯ ತಮ್ಮ. ಅವನ ಬೋಟು ಕಾಸರಕೋಡಿನ ಕಡೆ ನಿಲ್ಲುತ್ತಿತ್ತು. ಮಳೆಗಾಲದ ಎರಡು ತಿಂಗಳು ಮೀನುಗಾರಿಕೆ ಬಂದ್ ಇರುವಾಗ ಬೋಟುಗಳಿಗೆ ಬಣ್ಣ ಬಳಿಯುತ್ತಾರೆ. ಮಾವನ ಬೋಟಿನಲ್ಲಿ ಒಂದು ಪದ್ಧತಿ: ಆ ವರ್ಷದ ಬಣ್ಣ ಮುಂದಿನ ವರ್ಷಕ್ಕೆ ಉಳಿಯಬಾರದು. ಉಳಿದದ್ದನ್ನೆಲ್ಲ ಎಂಜಿನ್ನಿಗೆ ಹೊಡೆಯುವುದು. ಸಮುದ್ರಕ್ಕೆ ತೆಂಗಿನಕಾಯಿ ಬಿಡುವ ದಿನ ಎಂಜಿನ್ನಿಗೂ ಆರತಿ ಎತ್ತುತ್ತಾರಲ್ಲ, ಆಗ ಅದು ಹೊಸದರ ಹಾಗೆ ಹೊಳೆಯಬೇಕು. ಅಪ್ಪ ಪ್ರತಿ ವರ್ಷ ಬೈದುಕೊಳ್ಳುತ್ತ, ಸೀಮೆಎಣ್ಣೆಯ ಬಟ್ಟೆ ಹಿಡಿದು, ಅಲುಗಾಡುವ ಜಾಗಗಳ ಬಣ್ಣವನ್ನು ಒಂದೊಂದಾಗಿ ಒರೆಸುತ್ತಿದ್ದ. ಆ ವರ್ಷ ಬೇಸಿಗೆಯಲ್ಲಿ ಧಕ್ಕೆಯ ಮೆಟ್ಟಿಲ ಮೇಲೆ ಜಾರಿ ಅವನ ಮೊಣಕಾಲು ಹೋಗಿತ್ತು. ಎಂಜಿನ್ ಕೋಣೆಯ ಕಬ್ಬಿಣದ ಏಣಿ ಇಳಿಯುವ ಹಾಗಿರಲಿಲ್ಲ.

ಕಾಯಿ ಬಿಡುವ ಮುನ್ನಾದಿನ ಇರಬೇಕು, ಮಾವ ಮನೆಗೇ ಬಂದ. ಅಪ್ಪನೆದುರು ಕೈಯನ್ನು ಏರಿಸಿ ಇಳಿಸಿ ತೋರಿಸಿದ. "ಭಾವ, ಸ್ಲೋದಲ್ಲಿ ಜೋಕಾಲಿ ಆಡ್ತದೆ. ನಾಡಿದ್ದು ಹೊರಡೂದು."

ಅಪ್ಪ ನನ್ನ ಕಡೆ ನೋಡಿದ. ನಾನು ಚಪ್ಪಲಿ ಮೆಟ್ಟಿದೆ.

ಬೋಟಿನ ಮೇಲೆ ಬಲೆ ಜೋಡಿಸುತ್ತಿದ್ದ ಹಿರಿಯನೊಬ್ಬ ನನ್ನನ್ನು ನೋಡಿ ಕೈ ನಿಲ್ಲಿಸಿದ. "ಕಾಯಿ ಬಿಡೂಕಿಂತ ಮುಂಚೆ ಹೆಂಗಸ್ರು ಬೋಟ್ ಹತ್ತೂದು ಬೇಡ ಆಗಿತ್ತು" ಎಂದ, ಯಾರಿಗೂ ಹೇಳದವನ ಹಾಗೆ.

"ಅದು ಹೆಂಗಸಲ್ಲ ಮಾರಾಯ, ಭಾವನ ಕಿವಿ" ಎಂದ ಮಾವ. ಎಲ್ಲರೂ ನಕ್ಕರು.

"ಎಂತ?" ಎಂದ ಅಪ್ಪ.

"ಎಂತ ಇಲ್ಲ ಭಾವ. ಈ ಸಲ ಕಿವಿ ಚಂದದ್ದು ತಂದಿ ಅಂದೆ."

ನಾನು ಏಣಿ ಇಳಿದೆ. ಅಪ್ಪ ಮೇಲೆ ಕೋಣೆಯ ಬಾಯಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ. ಮಾವ ಅವನ ಪಕ್ಕದಲ್ಲಿ ಬೋರಲಾಗಿ ಮಲಗಿ ಒಳಗೆ ಬ್ಯಾಟರಿಯ ಬೆಳಕು ಬಿಟ್ಟ. ಕೆಳಗೆ ಪಾದ ಮುಳುಗುವಷ್ಟು ಎಣ್ಣೆ ನೀರು, ಹೊಸ ಬಣ್ಣದ ವಾಸನೆ, ಉಸಿರು ಕಟ್ಟುವ ಸೆಕೆ. ನಾನು ಬಿಳಿ ಸಲ್ವಾರ್ ಹಾಕಿದ್ದೆ ಎಂದು ನೆನಪು. ಐದು ಗಂಟೆಯ ಕುಮಟಾ ಬಸ್ಸು ಹಿಡಿಯಬೇಕಿತ್ತು, ಅದು ಖಂಡಿತ ನೆನಪಿದೆ.

ಅಪ್ಪನ ಕ್ರಮದಲ್ಲೇ ಹೋದೆವು. ಫಿಲ್ಟರಿನ ಬುಡದ ಸ್ಕ್ರೂ ಬಿಚ್ಚಿ ಡೀಸೆಲನ್ನು ಗಾಜಿನ ಲೋಟಕ್ಕೆ ಹಿಡಿದು ಮೇಲೆ ಕೊಟ್ಟೆ. ಅವನು ಬೆಳಕಿಗೆ ಹಿಡಿದು ನೋಡಿದ, ನೀರಿಲ್ಲ. ಆಮೇಲೆ ಗಾಳಿ ತೆಗೆದೆ: ಪಂಪಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ, ಗುಳ್ಳೆ ನಿಲ್ಲುವವರೆಗೆ. ಎಂಜಿನ್ ಚಾಲೂ ಮಾಡಿದರು. ನನ್ನ ಅಂಗೈ ಏರಿತು, ಇಳಿಯಿತು, ಏರಿತು. ಅಪ್ಪ ನಿಲ್ಲಿಸು ಎಂದು ಕೈ ಮಾಡಿದ.

"ರಾಡಿನ ಹತ್ರ ಬಣ್ಣ ಅದ್ಯಾ?"

ಇದೆ ಎಂದು ತಲೆ ಆಡಿಸಿದೆ. ಸೀಮೆಎಣ್ಣೆ ಬಟ್ಟೆ ಎಸೆದ. ಒರೆಸಿದೆ. ಮೇಲಿನ ಬಣ್ಣ ಬಂತು. ಪಿನ್ನಿನ ಸಂದಿಗೆ ಬಟ್ಟೆಯ ತುದಿ ಹೋಗಲಿಲ್ಲ. ಅಥವಾ ಹೋಗಿತ್ತು, ನಾನು ಎರಡನೇ ಸಲ ಹಾಕಲಿಲ್ಲ.

"ಈಗ ಬೆರಳಲ್ಲಿ ರಾಡ್ ದೂಡಿ ಬಿಡು. ಅದು ತಾನಾಗಿ ತಿರುಗಿ ಬರ್ಬೇಕು. ನೀ ಎಳೀಬಾರ್ದು, ತಿಳೀತಾ?"

ನಾನು ದೂಡಿದೆ.

ಇಲ್ಲಿಂದ ನನ್ನ ಹತ್ತಿರ ಎರಡು ನೆನಪುಗಳಿವೆ. ಒಂದರಲ್ಲಿ ಬೆರಳು ತೆಗೆದ ಕೂಡಲೇ ರಾಡು ಟಕ್ಕೆಂದು ಹಿಂದೆ ಬರುತ್ತದೆ. ಇನ್ನೊಂದರಲ್ಲಿ ಅದು ಅರ್ಧ ದಾರಿ ಬಂದು ನಿಲ್ಲುತ್ತದೆ, ನನ್ನ ಹೆಬ್ಬೆರಳು ಅದನ್ನು ಉಳಿದರ್ಧ ಎಳೆದುಕೊಳ್ಳುತ್ತದೆ. ಪೂರ್ತಿ ಮುಚ್ಚದ ಮೇಜಿನ ಖಾನೆಯನ್ನು ನಾವು ಯೋಚಿಸದೆ ಮುಚ್ಚುತ್ತೇವಲ್ಲ, ಹಾಗೆ. ಎರಡರಲ್ಲೂ ಮಾವನ ಬ್ಯಾಟರಿಯ ಬೆಳಕು ನನ್ನ ಕೈಯ ಮೇಲಿದೆ. ಎರಡರಲ್ಲೂ ನಾನು ತಲೆಯೆತ್ತಿ ಹೆಬ್ಬೆರಳು ತೋರಿಸುತ್ತೇನೆ.

"ತಾನಾಗಿ ಬಂತಾ?" ಎಂದು ಅಪ್ಪ ಇನ್ನೊಮ್ಮೆ ಕೇಳಿದ.

ಮತ್ತೆ ಹೆಬ್ಬೆರಳು ಎತ್ತಿದೆ. ಮಾವ ಅವನ ಕಿವಿಯ ಹತ್ತಿರ ಬಾಯಿಟ್ಟು, "ಬಂತಂತೆ ಭಾವ" ಎಂದು ಕೂಗಿದ.

ರಾಡು ಸರಿಯಿದ್ದರೆ ಉಳಿದದ್ದು ಗವರ್ನರ್. ಅಪ್ಪ ಎಂಜಿನ್ ಮತ್ತೆ ಚಾಲೂ ಮಾಡಿಸಿದ. ಆಮೇಲೆ ಸ್ಲೋದ ವೇಗ ಹೊಂದಿಸುವ ಸ್ಕ್ರೂವನ್ನು ಅರ್ಧ ಸುತ್ತು ಒಳಗೆ ಕೊಡಲು ಹೇಳಿದ. ಕೊಟ್ಟೆ. ಎಂಜಿನ್ ಕೊಂಚ ಮೇಲಿನ ವೇಗಕ್ಕೆ ಏರಿ ಅಲ್ಲೇ ನಿಂತಿತು. ನನ್ನ ಅಂಗೈ ನೀರಿನ ಮಟ್ಟದ ಹಾಗೆ ನಿಂತಿತು. ಅಪ್ಪನ ಮುಖ ಸಡಿಲಾಯಿತು.

"ಸ್ಪ್ರಿಂಗಿಗೆ ವಯಸ್ಸಾತು, ನನ್ನ ಹಾಗೇ" ಎಂದ ಮಾವನಿಗೆ. "ಮಂಗ್ಳೂರಿಂದ ತರ್ಸಿ ಹಾಕ್ವಾ. ಅಲ್ಲೀವರೆಗೆ ಇದು ಓಡ್ತದೆ."

ಬಸ್ಸು ನನಗೆ ಸಿಕ್ಕಿತು.

ಕಾಯಿ ಬಿಟ್ಟ ಮರುದಿನ ಬೋಟು ಹೊರಟಿತು. ಮೂರನೆಯ ದಿನ ಬೆಳಿಗ್ಗೆ ಮೀನು ಹೇರಿಕೊಂಡು ತಿರುಗಿ ಬರುವಾಗ, ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ, ಒಂದು ತೆರೆ ದಾಟಿ ಮುಂದಿನದು ಬರುವ ಮೊದಲು ವೇಗ ಕೊಡಬೇಕಾದ ಜಾಗದಲ್ಲಿ, ಮಾವ ಹಿಡಿಕೆ ಪೂರ್ತಿ ಮುಂದೆ ದೂಡಿದ. ಎಂಜಿನ್ ಏರಲಿಲ್ಲ. ಬೋಟು ತೆರೆಗೆ ಅಡ್ಡವಾಯಿತು, ಮರಳು ದಿಬ್ಬದ ಮೇಲೆ ಕೂತಿತು, ಅಲ್ಲಿಯೇ ಒಡೆಯಿತು. ಹಿಂದೆ ಬರುತ್ತಿದ್ದ ಬೋಟಿನವರು ಎಲ್ಲರನ್ನೂ ಎತ್ತಿಕೊಂಡರು. ಮಾವನ ಬಲ ಭುಜ ಮುರಿದಿತ್ತು. ನಾನು ಗ್ರಂಥಾಲಯದಲ್ಲಿ ಮಕ್ಕಳು ತಿರುಗಿ ಕೊಟ್ಟ ಪುಸ್ತಕಗಳನ್ನು ಕಪಾಟಿಗೆ ಸೇರಿಸುತ್ತಿದ್ದಾಗ ಆಯಿಯ ಫೋನು ಬಂತು. ಜೀವಕ್ಕೇನಾಯಿತು ಎಂದು ಕೇಳುವ ಮೊದಲು, ಎಂಜಿನ್ನಿಗೆ ಏನಾಯಿತು ಎಂದು ಕೇಳಿದೆ ಎಂದು ಆಯಿ ಹೇಳುತ್ತಾಳೆ. ನನಗೆ ಅದು ನೆನಪಿಲ್ಲ. ಆದರೆ ಆಯಿ ಇಂಥದ್ದನ್ನು ಹುಟ್ಟಿಸಿ ಹೇಳುವವಳಲ್ಲ.

ಎಂಜಿನ್ನನ್ನು ದಡಕ್ಕೆ ತಂದ ದಿನ ಅದನ್ನು ಬಿಚ್ಚಲು ಭಟ್ಕಳದಿಂದ ಒಬ್ಬ ಮೆಕ್ಯಾನಿಕ್ ಬಂದ. ಅಪ್ಪನ ಹತ್ತಿರ ಹತ್ತು ವರ್ಷ ಕೆಲಸ ಕಲಿತು ಊರಿಗೆ ಹೋಗಿ ಸ್ವಂತ ಶೆಡ್ಡು ಹಾಕಿದವನು. ಮನೆಯಲ್ಲಿ ನವಾಯತಿ, ನಮ್ಮೊಡನೆ ಕನ್ನಡ, ಅಪ್ಪನನ್ನು ಮಾತ್ರ ಉಸ್ತಾದ್ ಎಂದು ಕರೆಯುತ್ತಿದ್ದ. ಮರಳಿನ ಮೇಲೆ ಮಂಡಿಯೂರಿ ಪಂಪಿನ ಪಕ್ಕ ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಅವನ ಬಲಗೈ ಮುಷ್ಟಿಯಾಗಿತ್ತು.

"ಎಂತ ಅದು?" ಎಂದ ಮಾವ. ಅವನ ತೋಳು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು.

"ಎಂತ ಇಲ್ಲ ಭಾಯ್. ಹಳೇ ಪಿನ್ನು."

"ಹಳೇದಾದ್ರೆ ಮುಚ್ಚಿ ಹಿಡಿಯೂದು ಎಂತಕ್ಕೆ?"

ಅವನು ಅಪ್ಪನ ಕಡೆ ನೋಡಿದ. ಅಪ್ಪನಿಗೆ ಕೇಳುವುದಿಲ್ಲ ಎಂದು ಗೊತ್ತಿದ್ದರೂ ದನಿ ತಗ್ಗಿಸಿದ. "ಉಸ್ತಾದ್ ಎದ್ರಿಗೆ ಬೇಡ."

ಮಾವ ಎಡಗೈಯಿಂದ ಅವನ ಬೆರಳು ಬಿಡಿಸಿದ. ಪಿನ್ನಿನ ಸುತ್ತ, ರಾಡು ಸರಿಯದ ಹಾಗೆ, ಬಣ್ಣ ಅಂಟಿನಂತೆ ಗಟ್ಟಿಯಾಗಿ ಕೂತಿತ್ತು. ಎರಡು ದಿನ ಉಪ್ಪುನೀರಿನಲ್ಲಿದ್ದರೂ ಹೋಗಿರಲಿಲ್ಲ. ಅಪ್ಪ ಅದನ್ನು ತೆಗೆದುಕೊಂಡು ಉಗುರಿನಿಂದ ಕೆರೆದ. ಕಿವಿ ಕೇಳದವರು ಮಾತಾಡುವಂತೆ, ಅಗತ್ಯಕ್ಕಿಂತ ಜೋರಾಗಿ ಹೇಳಿದ:

"ನಾನೇ ನೋಡಿದ್ದು. ನಂಗೆ ತಪ್ಪಿತು."

ದಡದಲ್ಲಿದ್ದ ಅಷ್ಟೂ ಜನರಿಗೆ ಕೇಳಿತು. ನಾನು ಅವನಿಂದ ಎರಡು ಮಾರು ದೂರದಲ್ಲಿದ್ದೆ. ಬಾಯಿ ತೆರೆಯಲಿಲ್ಲ.

ಆ ಮಾತನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ಆ ಕಸುಬಿನಲ್ಲಿ ಕೆಳಗೆ ಇಳಿದವರ ಕೈ ಉಸ್ತಾದನದೇ ಕೈ. ಹಾಗೆಂದು ಅವನು ಹೇಳಿರಬಹುದು. ಕೆಳಗಿಳಿದದ್ದು ತಾನೇ ಎಂದು ಅವನಿಗೆ ನಿಜಕ್ಕೂ ಅನ್ನಿಸಿರಬಹುದು, ಹಿಂದಿನ ಎಲ್ಲಾ ವರ್ಷ ಅವನೇ ಇಳಿದಿದ್ದನಲ್ಲ. ಅಥವಾ ನನ್ನನ್ನು ಹಿಂದೆ ಮಾಡಿ ಅವನು ಮುಂದೆ ನಿಂತ.

ಆಮೇಲೆ ಯಾರೂ ಅವನಿಗೆ ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ತದಡಿಯವರು ಕರೆಯುವುದನ್ನು ನಿಲ್ಲಿಸಿದರು, ಅಷ್ಟೆ. ಮಾವನ ಹೆಂಡತಿ ಕಾಯಿ ಬಿಡುವ ಮೊದಲು ಹೆಂಗಸು ಬೋಟು ಹತ್ತಿದ್ದಕ್ಕೆ ಹೀಗಾಯಿತು ಎಂದಳಂತೆ. ವಿಚಿತ್ರವೆಂದರೆ ಅದನ್ನು ಕೇಳಿ ನನಗೆ ಕೊಂಚ ಹಗುರವಾಯಿತು. ತಪ್ಪು ಕಾರಣಕ್ಕಾದರೂ ನನ್ನ ಮೇಲೆ ಯಾರೋ ಬೆರಳು ತೋರಿಸಿದ್ದರು. ಅಪ್ಪ ದೀಪಾವಳಿಗೆ ಮೊದಲೇ ಶೆಡ್ಡು ಮುಚ್ಚಿ ಹತ್ಯಾರಗಳನ್ನು ಭಟ್ಕಳದವನಿಗೆ ಕೊಟ್ಟುಬಿಟ್ಟ. ಬಂದರಿನ ಕಡೆ ಹೋಗುವುದನ್ನು ಬಿಟ್ಟ. ಮನೆಯಲ್ಲಿ ಆಯಿ ಗ್ರೈಂಡರ್ ಹಾಕಿದಾಗ ಬಂದು ಅದರ ಮೈಮೇಲೆ ಕೈ ಇಟ್ಟು ನಿಲ್ಲುತ್ತಿದ್ದ. ಹಿಟ್ಟು ಆಗುವವರೆಗೂ.

ನಾನು ಪ್ರತಿ ಭಾನುವಾರ ಹೇಳಬೇಕೆಂದೇ ಬಸ್ಸು ಹತ್ತುತ್ತಿದ್ದೆ. ಕಿವಿ ಕೇಳದವನಿಗೆ ಗುಟ್ಟಿನ ಮಾತು ಹೇಳುವುದು ಹೇಗೆ? ಕೂಗಿದರೆ ಪಕ್ಕದ ಮನೆಗೆ ಕೇಳುತ್ತದೆ. ಒಮ್ಮೆ ಚೀಟಿಯಲ್ಲಿ ಬರೆದೆ: "ಅಂದು ರಾಡು ತಾನಾಗಿ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ ಅಪ್ಪ." ಅವನ ಕೈಗೆ ಕೊಟ್ಟೆ. ಅವನು ಚೀಟಿಯನ್ನು ದೂರ ಹಿಡಿದ, ಹತ್ತಿರ ಹಿಡಿದ. "ಚಷ್ಮಾ ಒಳಗದೆ. ಎಂತ ಬರ್ದಿ, ಓದಿ ಹೇಳು" ಎಂದ.

"ಆಯಿ ಸಕ್ರೆ ತರೂಕೆ ಹೇಳ್ಯಾಳೆ" ಎಂದು ಕೂಗಿದೆ.

"ಸಕ್ರೆಗೆ ಇಷ್ಟುದ್ದ ಬರೀಬೇಕಾ?" ಎಂದು ನಕ್ಕ. ಚೀಟಿಯನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು ಅಂಗಡಿಗೆ ಹೊರಟ. ಚಷ್ಮಾ ಹಾಕಿಕೊಂಡ ಮೇಲೆ ಅದನ್ನು ಓದಿದನೋ ಇಲ್ಲವೋ ಗೊತ್ತಿಲ್ಲ. ಮುಂದಿನ ವಾರ ಆ ಅಂಗಿ ತೊಳೆದು ಒಣಗಿತ್ತು, ಕಿಸೆ ಖಾಲಿ ಇತ್ತು. ಆಯಿಯನ್ನು ಕೇಳಿದರೆ ಚೀಟಿ ಗೀಟಿ ತಾನು ಕಂಡಿಲ್ಲ ಎಂದಳು. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪ ಹೋದ, ಎದೆನೋವು, ಆಸ್ಪತ್ರೆ ಮುಟ್ಟುವ ಮೊದಲೇ.

ಈ ವರ್ಷ ನಾನು ಭಟ್ಕಳಕ್ಕೆ, ಆ ಮೆಕ್ಯಾನಿಕ್‌ನ ಶೆಡ್ಡಿಗೆ, ಹೋಗಿದ್ದೆ. ಅಪ್ಪನ ಹತ್ಯಾರಗಳು ಅಲ್ಲಿನ ಗೋಡೆಯ ಮೇಲೆ ಅವನಿಡುತ್ತಿದ್ದ ಸಾಲಿನಲ್ಲೇ ಇದ್ದವು. ಒಂದು ಹಳೆಯ ಪಂಪಿನ ರಾಡು ದೂಡಿ ನೋಡಬೇಕು ಎಂದೆ. ಮೆಕ್ಯಾನಿಕ್ ಏಕೆ ಎಂದು ಕೇಳದೆ ಒಂದನ್ನು ಮೇಜಿನ ಮೇಲಿಟ್ಟ. ದೂಡಿದೆ, ಟಕ್ಕೆಂದು ಬಂತು. ಆ ಟಕ್ಕು ನನ್ನ ಬೆರಳಿಗೆ ಹೊಸದು ಅನ್ನಿಸಿತು.

"ಬಿಗಿ ಇದ್ದದ್ದು ಇದ್ಯಾ?" ಎಂದೆ.

"ಅಕ್ಕ, ಅದೆಲ್ಲ ಬಿಡಿ ಈಗ" ಎಂದ. ಆದರೂ ಮೂಲೆಯಿಂದ ತುಕ್ಕು ಹಿಡಿದ ಇನ್ನೊಂದನ್ನು ತಂದಿಟ್ಟ. ದೂಡಿದೆ. ಅರ್ಧಕ್ಕೆ ನಿಂತಿತು. ನಾನು ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ನನ್ನ ಹೆಬ್ಬೆರಳು ಹೋಗಿ ಅದನ್ನು ಎಳೆದುಕೊಂಡಿತ್ತು. ಅವನು ಮುಖ ತಿರುಗಿಸಿ ಚಹಾಕ್ಕೆ ಹೇಳಲು ಹೊರಗೆ ಹೋದ. ಇದು ಸಾಕ್ಷಿಯಲ್ಲ ಎಂದು ನನಗೆ ಗೊತ್ತು. ಯಾರ ಬೆರಳಾದರೂ ಹಾಗೆ ಮಾಡಬಹುದು.

ಅಲ್ಲಿಂದ ತಿರುಗಿ ಬರುವಾಗ ಹೊನ್ನಾವರದಲ್ಲಿ ಇಳಿದು ಮಾವನ ಮನೆಗೆ ಹೋದೆ. ಬೋಟು ಹೋದ ಮೇಲೆ ಅವನು ಬೇರೆಯವರ ಬಲೆ ದುರಸ್ತಿ ಮಾಡುತ್ತಾನೆ. ಬಲಗೈ ಭುಜದ ಮೇಲೆ ಏಳುವುದಿಲ್ಲ. ಅಪ್ಪ ಹೋಗುವವರೆಗೂ ದಿನಾ ಸಂಜೆ ನಮ್ಮ ಜಗಲಿಯಲ್ಲಿ ಅವನ ಪಕ್ಕ ಬಂದು ಕೂತು ಹೋಗುತ್ತಿದ್ದವನು ಇವನೊಬ್ಬನೇ. ಬೋಟು ಕಳೆದುಕೊಂಡವನು ಅವನು. ಅಪ್ಪನ ಮೇಲೆ ಒಂದು ಮಾತು ಎತ್ತಲಿಲ್ಲ. ನನ್ನ ಮೇಲೂ ಎತ್ತಲಿಲ್ಲ.

ನಾನು ಕೇಳಿದೆ. ಅವನ ಕೈಯ ಸೂಜಿ ನಿಂತಿತು. ಬಲೆಯನ್ನು ಮುಂದಕ್ಕೆ ಎಳೆದುಕೊಂಡು ಅದರ ಹರಿದ ಕಣ್ಣನ್ನು ಹುಡುಕಿದ, ಮತ್ತೆ ಹೆಣೆಯತೊಡಗಿದ. "ಬಂಗಡೆ ಅದೆ, ಉಂಡ್ಕಂಡು ಹೋಗು ಹುಡ್ಗಿ" ಎಂದ. ಉಂಡೆ. ಬಸ್ ನಿಲ್ದಾಣದವರೆಗೂ ಜೊತೆಗೆ ಬಂದ, ಕಿಟಕಿಯ ಹತ್ತಿರ ನಿಂತ, ಬಸ್ಸು ಹೊರಟಾಗ ಎಡಗೈ ಎತ್ತಿದ. ಇದಾಗಿ ಐದು ವಾರವಾಯಿತು. ಎರಡು ಸಲ ಫೋನ್ ಮಾಡಿದ್ದಾನೆ, ಮಳೆಯ ಬಗ್ಗೆ ಕೇಳಿದ್ದಾನೆ, ಆಯಿಯ ಬಿಪಿ ಬಗ್ಗೆ ಕೇಳಿದ್ದಾನೆ. ನಾನು ಅವನನ್ನು ಕೇಳಿದ್ದು, ನೆನಪು ಬದಲಾಗುವ ಮೊದಲು ಇಲ್ಲಿ ಬರೆದಿಡುತ್ತೇನೆ, ಇಷ್ಟೇ:

"ಮಾವ, ಬ್ಯಾಟ್ರಿ ಬಿಟ್ಟವ ನೀನು. ನಾನು ಎಳ್ದದ್ದನ್ನ ನೀ ಕಂಡಿದ್ರೆ, ಅಪ್ಪಂಗೆ ಹೇಳಿದ್ಯಾ?"